ದರ್ಶಿನಿಯಲ್ಲಿ ಬೇಗ, ಡ್ರೈವ್-ಥ್ರೂನಲ್ಲಿ ಯಾಕೆ ತಡ?

ಹೋದ ತಿಂಗಳು ಒಂದು ಶನಿವಾರ ಸಂಜೆ ಊರಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಮಕ್ಕಳು ಬರ್ಗರ್ ಬೇಕು ಅಂದರು. ಅಮ್ಮನಿಗೆ ಮಂಡಿನೋವು, ಕಾರಿನಿಂದ ಇಳಿದು ಹತ್ತುವುದು ಕಷ್ಟ. ಅದಕ್ಕೇ ಡ್ರೈವ್-ಥ್ರೂ, ಅಂದರೆ ಕಾರಿನಿಂದ ಇಳಿಯದೆ ಮೈಕಿನಲ್ಲಿ ಆರ್ಡರ್ ಹೇಳಿ ಕಿಟಕಿಯಲ್ಲಿ ಪಾರ್ಸೆಲ್ ತೆಗೆದುಕೊಳ್ಳುವ ವ್ಯವಸ್ಥೆ, ಇರುವ ಅಂಗಡಿಯನ್ನು ಹುಡುಕಿ ಕಾರು ತಿರುಗಿಸಿದೆ. ಸಾಲಿಗೆ ಸೇರಿದಾಗ ಏಳು ಗಂಟೆ ಹತ್ತು ನಿಮಿಷ. ಪಾರ್ಸೆಲ್ ಕೈಗೆ ಬಂದಾಗ ಏಳು ನಲವತ್ತೆರಡು. ಅಷ್ಟರಲ್ಲಿ ಮುಂದಿನ ಕಾರಿನವರು ಕಿಟಕಿಯಲ್ಲಿದ್ದ ಹುಡುಗಿಯ ಮೇಲೆ ಎರಡು ಸಲ ಕೂಗಾಡಿದ್ದರು. ಹಿಂದಿನ ಕಾರಿನವರು ನನಗೆ ಹಾರ್ನ್ ಹೊಡೆದು ಹೊಡೆದು ಸುಸ್ತಾಗಿದ್ದರು. ಆ ಹುಡುಗಿಗೆ ಹೆಚ್ಚೆಂದರೆ ಇಪ್ಪತ್ತು ವರ್ಷ. ಪಾರ್ಸೆಲ್ ಕೊಡುವಾಗ ಅವಳ ಕೈ ನಡುಗುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ನಮ್ಮ ಬಡಾವಣೆಯ ದರ್ಶಿನಿಗೆ ಹೋದೆ. ಕ್ಯಾಶ್ ಕೌಂಟರ್ ಮುಂದೆ ಹದಿನೈದು ಜನ ಇದ್ದರು. ಆರೇಳು ನಿಮಿಷದಲ್ಲಿ ಇಡ್ಲಿ-ವಡೆಯೂ ಕೈಗೆ ಬಂತು, ಕಾಫಿಯೂ ಬಂತು. ಯಾರೂ ಯಾರ ಮೇಲೂ ರೇಗಲಿಲ್ಲ.

ಎರಡೂ ಕಡೆ ನಡೆಯುವುದು ಒಂದೇ ಕೆಲಸ ಅಲ್ವಾ? ಬಂದವರನ್ನು ಕೇಳಬೇಕು, ದುಡ್ಡು ತೆಗೆದುಕೊಳ್ಳಬೇಕು, ಬಿಸಿಯಾಗಿ ಕೊಟ್ಟು ಕಳಿಸಬೇಕು. ಬೇಗ ಆಗಲಿ ಅಂತಲೇ ಕಟ್ಟಿದ ಜಾಗದಲ್ಲಿ ಅರ್ಧ ಗಂಟೆ ಹೋಗುತ್ತದೆ. ಜನ ಗಿಜಿಗುಡುವ ಪುಟ್ಟ ಹೋಟೆಲಿನಲ್ಲಿ ಏಳು ನಿಮಿಷ ಸಾಕು. ಡ್ರೈವ್-ಥ್ರೂ ಬಗ್ಗೆ ಮಾತು ಬಂದರೆ ಗ್ರಾಹಕರು "ಕೆಲಸದವರು ಸರಿಯಿಲ್ಲ" ಅನ್ನುತ್ತಾರೆ. ಕೆಲಸದವರು "ಜನಕ್ಕೆ ತಾಳ್ಮೆ ಇಲ್ಲ" ಅನ್ನುತ್ತಾರೆ. ಇಬ್ಬರೂ ತಪ್ಪು ಜಾಗದಲ್ಲಿ ಬೆರಳು ತೋರಿಸುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ತೊಂದರೆ ಇರುವುದು ಆ ಸಾಲಿನಲ್ಲಿ, ಆ ಮೈಕಿನಲ್ಲಿ, ಮತ್ತು ಅಂಗಡಿಯ ಒಳಗೆ ತೂಗುಹಾಕಿರುವ ಗಡಿಯಾರದಲ್ಲಿ.

ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. 1948ರಲ್ಲಿ ಹ್ಯಾರಿ ಸ್ನೈಡರ್ ಕ್ಯಾಲಿಫೋರ್ನಿಯಾದ ಬಾಲ್ಡ್‌ವಿನ್ ಪಾರ್ಕ್‌ನಲ್ಲಿ ಇನ್-ಎನ್-ಔಟ್ ಬರ್ಗರ್ ಅಂಗಡಿ ತೆರೆದರು. ಕಾರಿನಲ್ಲಿ ಕೂತೇ ಆರ್ಡರ್ ಹೇಳಲಿ ಅಂತ ಎರಡೂ ಕಡೆಯಿಂದ ಮಾತಾಡಬಹುದಾದ ಸ್ಪೀಕರ್ ಇಟ್ಟರು. ಮೆಕ್‌ಡೊನಾಲ್ಡ್ಸ್ ಇದಕ್ಕೆ ಕೈ ಹಾಕಿದ್ದು ತುಂಬಾ ತಡವಾಗಿ, 1975ರಲ್ಲಿ, ಅರಿಜೋನಾದ ಸಿಯೆರಾ ವಿಸ್ಟಾ ಎಂಬ ಊರಿನಲ್ಲಿ. ಪಕ್ಕದಲ್ಲೇ ಸೇನಾ ನೆಲೆ ಇತ್ತು. ಕೆಲಸದ ಸಮವಸ್ತ್ರ ತೊಟ್ಟ ಸೈನಿಕರು ನೆಲೆಯ ಹೊರಗೆ ಕಾರಿನಿಂದ ಇಳಿಯುವ ಹಾಗಿರಲಿಲ್ಲ. ಅವರಿಗೋಸ್ಕರ ಗೋಡೆ ಒಡೆದು ಕಿಟಕಿ ಮಾಡಿದರು.

ಅಂದರೆ ಆ ಕಿಟಕಿ ಮಾಡಿದ್ದು ಇಳಿಯಲಾಗದವರಿಗೆ. ಇವತ್ತಿಗೂ ಅದರ ನಿಜವಾದ ಉಪಯೋಗ ಅಂಥವರಿಗೇ. ಮಂಡಿನೋವಿನ ಅಮ್ಮ, ಹಿಂದಿನ ಸೀಟಿನಲ್ಲಿ ಈಗಷ್ಟೇ ಮಲಗಿದ ಕೂಸು, ಗಾಲಿಕುರ್ಚಿ ಬಳಸುವವರು, ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕಾರು ಓಡಿಸಿಕೊಂಡು ಮನೆಗೆ ಹೋಗುವ ಹೆಣ್ಣುಮಕ್ಕಳು. ಇವರಿಗೆಲ್ಲ ಅದು ದೊಡ್ಡ ಅನುಕೂಲ. ಹಾಗಾಗಿ ಡ್ರೈವ್-ಥ್ರೂ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ.

ಬೆಂಗಳೂರಿಗೆ ಕಾರಿನಲ್ಲಿ ಕೂತು ತಿನ್ನುವುದು ಹೊಸದೇನಲ್ಲ. ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲಿನ ಮರದ ನೆರಳಲ್ಲಿ ಕಾರು ನಿಲ್ಲಿಸಿ ದೋಸೆ ತಿಂದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಆದರೆ ಅದು ಡ್ರೈವ್-ಇನ್. ಅಲ್ಲಿ ಪ್ರತಿ ಕಾರಿಗೂ ಅದರದೇ ಜಾಗ ಇರುತ್ತದೆ. ಸಪ್ಲಯರ್ ಓಡಾಡುತ್ತಾನೆ, ಕಾರು ನಿಂತಿರುತ್ತದೆ. ಪಕ್ಕದ ಕಾರಿನವರು ಒಂದು ಗಂಟೆ ಹರಟೆ ಹೊಡೆದರೂ ನಮಗೆ ತೊಂದರೆಯಿಲ್ಲ. ಡ್ರೈವ್-ಥ್ರೂನಲ್ಲಿ ಇದು ತಲೆಕೆಳಗು. ಕೊಡುವವರು ಒಂದೇ ಕಡೆ ನಿಂತಿರುತ್ತಾರೆ, ಕಾರುಗಳು ಒಂದರ ಹಿಂದೆ ಒಂದು ಸರಿಯಬೇಕು. ಒಂದು ಕಾರು ನಿಂತರೆ ಎಲ್ಲವೂ ನಿಲ್ಲಬೇಕು.

ದರ್ಶಿನಿಯ ಗುಟ್ಟು ಇರುವುದು ಇಲ್ಲೇ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಕುರ್ಚಿ ತೆಗೆದರು, ಸಪ್ಲಯರ್ ತೆಗೆದರು, ಅಡುಗೆಮನೆಯನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಕ್ಕೆ ತಂದರು. ಎಲ್ಲರಿಗೂ ಗೊತ್ತಿರುವ ವಿಷಯ ಇದು. ನಾವು ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿ ಇದೆ. ದರ್ಶಿನಿಯಲ್ಲಿ ಒಂದೇ ಕಡೆ ಕ್ಯೂ ಇರುತ್ತದೆ, ಕ್ಯಾಶ್ ಕೌಂಟರ್ ಮುಂದೆ. ಟೋಕನ್ ಕೈಗೆ ಬಂದ ಮೇಲೆ ಆ ಕ್ಯೂ ಒಡೆದುಹೋಗುತ್ತದೆ. ಇಡ್ಲಿಯವರು ಒಂದು ಕಡೆ, ದೋಸೆಯವರು ಇನ್ನೊಂದು ಕಡೆ, ಕಾಫಿಯವರು ಮತ್ತೊಂದು ಕಡೆ. ಮಸಾಲೆ ದೋಸೆ ಕಾವಲಿಯ ಮೇಲೆ ಬೇಯುತ್ತಿರುವಾಗ ನನ್ನ ಹಿಂದೆ ಬಂದವರು ಕಾಫಿ ಕುಡಿದು ಹೋಗಿಯೇ ಬಿಟ್ಟಿರುತ್ತಾರೆ. ನನಗೆ ಬೇಜಾರಿಲ್ಲ. ದೋಸೆಗೆ ಹೊತ್ತು ಹಿಡಿಯುತ್ತದೆ ಅನ್ನುವುದು ಕಣ್ಣೆದುರೇ ಕಾಣುತ್ತದೆ.

ಡ್ರೈವ್-ಥ್ರೂನಲ್ಲಿ ಮೊದಲು ಬಂದವರು ಮೊದಲು ಹೊರಗೆ ಹೋಗಲೇಬೇಕು. ಬೇರೆ ದಾರಿಯೇ ಇಲ್ಲ. ಎಡಕ್ಕೆ ಕಾಂಪೌಂಡು, ಬಲಕ್ಕೆ ಗೋಡೆ. ಮುಂದಿನ ಕಾರಿನಲ್ಲಿ ಆರು ಜನ ಇದ್ದು ಹನ್ನೆರಡು ಐಟಂ ಹೇಳಿದರೆ, ಹಿಂದೆ ಒಂದೇ ಒಂದು ಕಾಫಿಗೆ ಬಂದವರು ಅಷ್ಟೂ ಹೊತ್ತು ಕಾಯಬೇಕು. ಕಾಫಿ ರೆಡಿ ಇರುತ್ತದೆ, ಮೂರು ಮೀಟರ್ ದೂರದಲ್ಲೇ ಇರುತ್ತದೆ, ಆದರೂ ಸಿಗುವುದಿಲ್ಲ. ಸಾಕು ಅನ್ನಿಸಿ ಹೊರಟುಬಿಡೋಣ ಅಂದರೆ ಅದೂ ಆಗುವುದಿಲ್ಲ. ಜನರಿಗೆ ರೇಗುವುದು ಕಾಯುವುದಕ್ಕಿಂತ ಹೆಚ್ಚಾಗಿ ಇದಕ್ಕೇ. ಬಿಟ್ಟು ಹೋಗುವ ದಾರಿ ಇಲ್ಲದ ಕ್ಯೂ ಅದು. ಸಿಲ್ಕ್ ಬೋರ್ಡ್‌ನಲ್ಲಿ ಟ್ರಾಫಿಕ್‌ಗೆ ಸಿಕ್ಕಿಬಿದ್ದಾಗ ಆಗುವ ಸಂಕಟವೇ ಇಲ್ಲೂ ಆಗುತ್ತದೆ.

ಒಳಗೆ ಏನಾಗುತ್ತಿದೆ ಅನ್ನುವುದೂ ಕಾರಿನಲ್ಲಿರುವವರಿಗೆ ಕಾಣುವುದಿಲ್ಲ. ಅದೇ ಅಡುಗೆಮನೆಯಿಂದ ಒಳಗೆ ಕೂತವರಿಗೆ ಹೋಗಬೇಕು, ಟಚ್ ಸ್ಕ್ರೀನ್‌ನಲ್ಲಿ ಆರ್ಡರ್ ಮಾಡಿದವರಿಗೆ ಹೋಗಬೇಕು, ಸ್ವಿಗ್ಗಿ-ಜೊಮ್ಯಾಟೊ ಹುಡುಗರ ಬ್ಯಾಗಿಗೂ ಹೋಗಬೇಕು. ಬಾಗಿಲ ಬಳಿ ಹೆಲ್ಮೆಟ್ ಹಿಡಿದು ಎಂಟು ಜನ ಡೆಲಿವರಿಯವರು ಕಾಯುತ್ತಿರುತ್ತಾರೆ. ನಮಗೆ ಕಾಣುವುದು ಮುಂದಿನ ಕಾರಿನ ಕೆಂಪು ದೀಪ ಮಾತ್ರ. "ಮೂರೇ ಕಾರು ಇದೆ, ಇಷ್ಟು ಹೊತ್ತಾ?" ಅಂತ ಕೇಳುತ್ತೇವೆ.

ಇನ್ನು ಗಡಿಯಾರದ ವಿಷಯ. ಮೆನು ಬೋರ್ಡ್ ಇರುವ ಜಾಗದಲ್ಲಿ ನೆಲದ ಕೆಳಗೆ ತಂತಿಯ ಸುರುಳಿ ಹೂತಿರುತ್ತಾರೆ. ಮೇಲೆ ಕಾರು ಬಂದು ನಿಂತರೆ ಅದರ ಲೋಹದಿಂದ ಸುರುಳಿಗೆ ಗೊತ್ತಾಗುತ್ತದೆ. ಒಳಗಿರುವವರ ಹೆಡ್‌ಸೆಟ್‌ನಲ್ಲಿ ಸದ್ದಾಗುತ್ತದೆ, ಸ್ಕ್ರೀನಿನಲ್ಲಿ ಸೆಕೆಂಡುಗಳು ಓಡಲು ಶುರುವಾಗುತ್ತವೆ. ಕಿಟಕಿಯ ಹತ್ತಿರ ಇನ್ನೊಂದು ಸುರುಳಿ ಇರುತ್ತದೆ. ಕಾರು ಅದನ್ನು ದಾಟಿದರೆ ಲೆಕ್ಕ ಮುಗಿಯಿತು. ಗುರಿ ದಾಟಿದರೆ ಅಂಕಿಯ ಬಣ್ಣ ಕೆಂಪಾಗುತ್ತದೆ. ದಿನದ ಸರಾಸರಿ ಮ್ಯಾನೇಜರ್‌ಗೆ ಹೋಗುತ್ತದೆ, ಅಲ್ಲಿಂದ ಮೇಲಿನವರಿಗೆ ಹೋಗುತ್ತದೆ.

ಈ ಗಡಿಯಾರ ಅಳೆಯುವುದು ಏನನ್ನು ಅಂತ ಸ್ವಲ್ಪ ಯೋಚಿಸಿ. ಸಾಮಾನ್ಯವಾಗಿ ಅದು ಓಡಲು ಶುರುವಾಗುವುದು ನಾವು ಮೆನು ಬೋರ್ಡ್ ತಲುಪಿದ ಮೇಲೆ. ಅದಕ್ಕೂ ಮುಂಚೆ ಐದು ಕಾರಿನ ಹಿಂದೆ ಕಾದ ಹದಿನೈದು ನಿಮಿಷ ಯಾವ ಲೆಕ್ಕಕ್ಕೂ ಬರುವುದಿಲ್ಲ. ನಿಲ್ಲುವುದು ಕಾರು ಕಿಟಕಿ ದಾಟಿದಾಗ. ಊಟ ಕೈಗೆ ಬಂದಿರಬೇಕು ಅಂತೇನೂ ಇಲ್ಲ. "ಸರ್, ಸ್ವಲ್ಪ ಮುಂದೆ ಪಾರ್ಕ್ ಮಾಡ್ತೀರಾ, ತಂದು ಕೊಡ್ತೀವಿ" ಅಂತ ಕಿಟಕಿಯ ಹುಡುಗ ನಿಮಗೂ ಹೇಳಿರಬಹುದು. ಕೆಲವು ಸಲ ಅದು ಒಳ್ಳೆಯ ಉಪಾಯವೇ. ದೊಡ್ಡ ಆರ್ಡರ್‌ನವರು ಪಕ್ಕಕ್ಕೆ ಸರಿದರೆ ಹಿಂದಿನವರಿಗೆ ದಾರಿಯಾಗುತ್ತದೆ. ಆದರೆ ಹಿಂದೆ ಒಂದು ಕಾರೂ ಇಲ್ಲದಾಗಲೂ ಮುಂದೆ ಹೋಗಿ ನಿಲ್ಲಿ ಅಂದರೆ, ಅದು ಗಡಿಯಾರ ನಿಲ್ಲಿಸುವುದಕ್ಕೆ ಮಾತ್ರ. ಆ ಹುಡುಗ ಸುಳ್ಳುಗಾರನಲ್ಲ. ಅವನ ಬೆನ್ನ ಹಿಂದೆ ಕೆಂಪು ಅಂಕಿ ಓಡುತ್ತಿರುತ್ತದೆ. ಊಟದ ಬದಲು ಕಾರನ್ನು ಕಳಿಸಿದರೆ ಅಂಕಿ ಹಸಿರಾಗುತ್ತದೆ ಅಂತಾದರೆ, ಅವನ ಜಾಗದಲ್ಲಿ ನಾವಿದ್ದರೂ ಹಾಗೇ ಮಾಡುತ್ತಿದ್ದೆವು.

ಈಗ ಮೈಕಿನ ಹತ್ತಿರ ಬರೋಣ. ನನಗೆ ಎಲ್ಲಕ್ಕಿಂತ ನೋವಾಗುವುದು ಇಲ್ಲಿ.

ಬೆಂಗಳೂರಿನ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಎಲ್ಲೆಲ್ಲಿಂದಲೋ ಬಂದವರು. ಕಲಬುರಗಿ, ರಾಯಚೂರಿನ ಕಡೆಯವರು, ಒಡಿಶಾದವರು, ಅಸ್ಸಾಂ ಮತ್ತು ಮಣಿಪುರದವರು. ಗ್ರಾಹಕರೂ ಅಷ್ಟೇ. ಒಬ್ಬರು ಕನ್ನಡ, ಒಬ್ಬರು ತೆಲುಗು, ಒಬ್ಬರು ಹಿಂದಿ, ಒಬ್ಬರು ಇಂಗ್ಲಿಷ್. ಎದುರುಬದುರು ನಿಂತರೆ ಇದು ಕಷ್ಟವೇ ಅಲ್ಲ. ಅರ್ಧ ಕನ್ನಡ, ಅರ್ಧ ಹಿಂದಿ, ಎರಡು ಬೆರಳು, ಮೆನು ಮೇಲೆ ಒಂದು ಕೈ. ಕೆಲಸ ಆಗಿಹೋಗುತ್ತದೆ. ದರ್ಶಿನಿಯಲ್ಲಿ ಕಾಫಿ ಮಾಡುವವನು ನಮ್ಮ ಮುಖ ನೋಡಿಯೇ "ಸಕ್ಕರೆ ಕಮ್ಮಿ ಅಲ್ವಾ ಸರ್?" ಅಂತ ಕೇಳುತ್ತಾನೆ.

ಮೈಕಿನಲ್ಲಿ ಮುಖವೂ ಇಲ್ಲ, ಬೆರಳೂ ಇಲ್ಲ. ಉಳಿಯುವುದು ದನಿ ಮಾತ್ರ. ಆ ದನಿಗೆ ಎಂಜಿನ್ ಸದ್ದು, ಎಸಿ ಫ್ಯಾನಿನ ಸದ್ದು, ರಸ್ತೆಯ ಬಸ್ಸಿನ ಹಾರ್ನ್, ಹಿಂದಿನ ಸೀಟಿನಿಂದ ಮಕ್ಕಳ ಕೂಗು ಎಲ್ಲ ಸೇರುತ್ತವೆ. ಮಳೆ ಬಂದರಂತೂ ಮುಗಿದೇ ಹೋಯಿತು. "ಒಂದು ವೆಜ್, ಎರಡು ಚಿಕನ್, ಒಂದಕ್ಕೆ ಈರುಳ್ಳಿ ಬೇಡ" ಅಂದರೆ ಆ ಕಡೆಯವರಿಗೆ ಕೇಳಿಸುವುದು ಮೂರರಲ್ಲಿ ಒಂದು ಪಾಲು. ತಮ್ಮ ಭಾಷೆಯಲ್ಲಿ ಕೇಳಿದ್ದರೆ ಉಳಿದದ್ದನ್ನು ಊಹಿಸಿಕೊಳ್ಳುತ್ತಿದ್ದರು. ಹೊಸ ಭಾಷೆಯಲ್ಲಿ ಆ ಊಹೆ ಸಿಗುವುದಿಲ್ಲ. ಇಲ್ಲಿ ಕನ್ನಡ ಬರಬೇಕು ಅಂತ ನಾವು ಕೇಳುವುದು ನ್ಯಾಯವೇ. ಅದನ್ನು ಕಲಿಸುವ ಹೊಣೆ ಅಂಗಡಿಯವರದ್ದು. ನಲವತ್ತು ಐವತ್ತು ಕನ್ನಡ ವಾಕ್ಯ ಕಲಿಸಲು ಒಂದು ವಾರ ಸಾಕು. ಆದರೆ ಅದನ್ನು ಹೆಡ್‌ಸೆಟ್ ಹಾಕಿಕೊಂಡ ಹತ್ತೊಂಬತ್ತರ ಹುಡುಗನ ಮೇಲೆ ಕೂಗಿ ಕೇಳುವುದು ಸರಿಯಲ್ಲ.

ನಮಗೆ ಕಾಣದ ಇನ್ನೊಂದು ವಿಷಯ ಇದೆ. ಜನ ಕಡಿಮೆ ಇರುವ ಶಿಫ್ಟಿನಲ್ಲಿ, ಕಿಟಕಿಯಲ್ಲಿ ದುಡ್ಡು ತೆಗೆದುಕೊಳ್ಳುವವರೇ ಹಿಂದಿನ ಕಾರಿನ ಆರ್ಡರ್ ಕೂಡ ಕೇಳಿಸಿಕೊಳ್ಳುತ್ತಿರುತ್ತಾರೆ. ಕಣ್ಣೆದುರು ನಾವು, ಕಿವಿಯಲ್ಲಿ ಇನ್ನೊಬ್ಬರು. ನಾವು ಸಾಸ್ ಕೇಳುತ್ತೇವೆ, ಅವಳು ಸುಮ್ಮನೆ ನಿಂತಿರುತ್ತಾಳೆ. ಎಷ್ಟು ಸೊಕ್ಕು ಅನ್ನಿಸುತ್ತದೆ. ಅವಳು ಹಿಂದಿನವರ ಐದನೇ ಐಟಂ ಟೈಪ್ ಮಾಡುತ್ತಿರುತ್ತಾಳೆ. ಅದರ ಮಧ್ಯೆ ನಮ್ಮ ಯುಪಿಐ ಬೇರೆ ಸಿಕ್ಕಿಕೊಂಡಿರುತ್ತದೆ. ನಮ್ಮ ಫೋನಿನಲ್ಲಿ ದುಡ್ಡು ಹೋಗಿದೆ, ಅವಳ ಮೆಷಿನ್‌ಗೆ ಬಂದಿಲ್ಲ. ನಾವು ಫೋನ್, ಅವಳು ಮೆಷಿನ್ ಎತ್ತಿ ತೋರಿಸಿಕೊಳ್ಳುತ್ತೇವೆ. ಆ ಹೊತ್ತಿನಲ್ಲೂ ಸೆಕೆಂಡು ಓಡುತ್ತಿರುತ್ತದೆ.

ಇಂಥ ಕಡೆ ತಪ್ಪು ಆಗದೇ ಇರುತ್ತದೆಯೇ? ನಮ್ಮಲ್ಲಿ ಆ ತಪ್ಪಿನ ತೂಕವೂ ಬೇರೆ. ಬೇರೆ ದೇಶದಲ್ಲಿ ಫ್ರೈಸ್ ಬಿಟ್ಟುಹೋದರೆ ಬೇಜಾರು ಅಷ್ಟೇ. ಇಲ್ಲಿ ವೆಜ್ ಹೇಳಿದವರಿಗೆ ಚಿಕನ್ ಬಂದರೆ ಅದು ಮನಸ್ಸಿಗೆ ನಾಟುವ ವಿಷಯ. ಮೆಕ್‌ಡೊನಾಲ್ಡ್ಸ್‌ನಂಥ ಕಂಪನಿ ಭಾರತಕ್ಕೆಂದೇ ಅಡುಗೆಮನೆಯಲ್ಲಿ ವೆಜ್, ನಾನ್‌ವೆಜ್ ಜಾಗವನ್ನು ಬೇರೆ ಮಾಡಿದ್ದು ಸುಮ್ನೆ ಅಲ್ಲ. ಆದರೆ ಅಡುಗೆ ಎಷ್ಟೇ ಬೇರೆಯಾಗಿ ನಡೆದರೂ ಕೊನೆಯಲ್ಲಿ ಪಾರ್ಸೆಲ್ ಅದಲುಬದಲಾದರೆ ಅಷ್ಟೂ ಶ್ರಮ ನೀರಿಗೆ ಹೋದ ಹಾಗೆ.

ಆ ಶನಿವಾರ ನಮಗೆ ಆಗಿದ್ದೂ ಅದೇ. ಎರಡು ಕಿಲೋಮೀಟರ್ ಬಂದ ಮೇಲೆ ಅಮ್ಮ ಕಾಗದ ಬಿಚ್ಚಿದರು. ಅವರು ಮಾಂಸ ಮುಟ್ಟುವವರಲ್ಲ. ವಾಸನೆಗೇ ಗೊತ್ತಾಯಿತು, ಮಡಿಚಿ ಪಕ್ಕಕ್ಕಿಟ್ಟರು. ಯೂ ಟರ್ನ್ ಹುಡುಕಿ ವಾಪಸ್ ಹೋದೆ. ಮತ್ತೆ ಆ ಸಾಲಿಗೆ ಸೇರುವ ಧೈರ್ಯ ಇರಲಿಲ್ಲ. ಹೊರಗೆ ನಿಲ್ಲಿಸಿ ನಡೆದುಕೊಂಡು ಒಳಗೆ ಹೋದೆ. ಕೌಂಟರಿನಲ್ಲಿದ್ದವರಿಗೆ ನನ್ನ ಆರ್ಡರ್ ಗೊತ್ತೇ ಇಲ್ಲ. ಕೊನೆಗೆ ಕಿಟಕಿಯ ಹುಡುಗಿಯೇ ಬಂದಳು. ಹೆಡ್‌ಸೆಟ್ ಇನ್ನೂ ತಲೆಯ ಮೇಲೇ ಇತ್ತು. ಜಗಳ ಮಾಡಬೇಕು ಅಂತಲೇ ಹೋಗಿದ್ದೆ. ಅವಳು ಕೇಳಿದ ಮೊದಲ ಮಾತು, "ಅಜ್ಜಿ ತಿಂದುಬಿಟ್ರಾ ಸರ್?" ಇಲ್ಲ ಅಂದೆ. ಎದೆ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಟ್ಟಳು. ಒಂದೇ ನಿಮಿಷದಲ್ಲಿ ಬಿಸಿಬಿಸಿ ವೆಜ್ ಬರ್ಗರ್ ತಂದುಕೊಟ್ಟಳು. ಅಷ್ಟರಲ್ಲಿ ಅವಳ ಹಿಂದಿನ ಸ್ಕ್ರೀನಿನಲ್ಲಿ ಎರಡು ಅಂಕಿ ಕೆಂಪಾಗಿದ್ದವು.

ಕಿಟಕಿಯ ಕೆಲಸ ಮೈಗೂ ಕಷ್ಟವೇ. ಒಂದು ಕಡೆಯಿಂದ ಎಣ್ಣೆಯ ಕಾವು, ಇನ್ನೊಂದು ಕಡೆಯಿಂದ ಕಾರುಗಳ ಹೊಗೆ. ಸಾಲಿನಲ್ಲಿ ಯಾರೂ ಎಂಜಿನ್ ಆಫ್ ಮಾಡುವುದಿಲ್ಲ. ಕಿಟಕಿ ತೆಗೆದಾಗಲೆಲ್ಲ ಆ ಹೊಗೆ ನೇರ ಮುಖಕ್ಕೆ. ಮಳೆಗಾಲದಲ್ಲಿ ತೋಳು ನೆನೆಯುತ್ತದೆ. ಶಿಫ್ಟ್ ಪೂರ್ತಿ ನಿಂತೇ ಇರಬೇಕು. ಕರ್ನಾಟಕದ 1961ರ ಅಂಗಡಿಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಗಂಟೆ ಲೆಕ್ಕ ಸರಿ, ಆದರೆ ಅಷ್ಟು ಹೊತ್ತು ಕೂರಲು ಜಾಗವೇ ಇಲ್ಲದಿದ್ದರೆ? ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದವು. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಕೇಳಿ ಕೇಳಿ ಪಡೆದದ್ದು ಅದು. ಕಿಟಕಿಯ ಹಿಂದೆ ಒಂದು ಎತ್ತರದ ಸ್ಟೂಲ್ ಹಾಕಲು ಕಾನೂನಿಗೂ ಕಾಯಬೇಕಿಲ್ಲ.

ಬೆಂಗಳೂರಿನ ರಸ್ತೆಯದ್ದೂ ಇದರಲ್ಲಿ ಪಾಲಿದೆ. ಟಾಮ್‌ಟಾಮ್ ಎಂಬ ರಸ್ತೆ ಸಂಚಾರ ಅಳೆಯುವ ಸಂಸ್ಥೆಯ 2024ರ ಲೆಕ್ಕದಲ್ಲಿ ಇಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ ಸುಮಾರು 34 ನಿಮಿಷ ಬೇಕಿತ್ತು. ಆ ರಸ್ತೆಯಲ್ಲಿ ಸುಸ್ತಾಗಿಯೇ ಜನ ಈ ಸಾಲಿಗೆ ಬರುತ್ತಾರೆ. ಸಾಲು ಉದ್ದವಾದರೆ ಅದರ ಬಾಲ ಮತ್ತೆ ರಸ್ತೆಗೇ ಚಾಚುತ್ತದೆ. ಎಡಗಡೆಯ ಒಂದು ಲೇನ್ ನಿಂತುಹೋಗುತ್ತದೆ, ಬಸ್ಸು ಬಲಕ್ಕೆ ಎಳೆಯುತ್ತದೆ, ನಡೆಯುವವರಿಗೆ ಫುಟ್‌ಪಾತ್ ಸಿಗುವುದಿಲ್ಲ. ಬರ್ಗರ್ ಬೇಡದವರೂ ಕಾಯಬೇಕು. ಅಮೆರಿಕದ ಮಿನಿಯಾಪೊಲಿಸ್ ನಗರ ಇಂಥ ಕಾರಣಗಳಿಗೇ 2019ರಲ್ಲಿ ಹೊಸ ಡ್ರೈವ್-ಥ್ರೂಗಳನ್ನು ನಿಷೇಧಿಸಿತು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಎಷ್ಟು ಕಾರು ಆವರಣದ ಒಳಗೇ ನಿಲ್ಲಬಹುದು ಅಂತ ನೋಡಿ ಅನುಮತಿ ಕೊಟ್ಟರೆ ಸಾಕು.

ಈ ಊರಿನಲ್ಲಿ ಒಂದು ಕೋಟಿಗೂ ಜಾಸ್ತಿ ವಾಹನ ಇವೆ. ಮೂರರಲ್ಲಿ ಎರಡು ಪಾಲು ದ್ವಿಚಕ್ರ. ಸ್ಕೂಟರಿನಲ್ಲಿ ಬಂದವರು ಈ ಸಾಲಿನಲ್ಲಿ ಏನು ಮಾಡಬೇಕು? ನೆಲದ ಸುರುಳಿಗೆ ಸ್ಕೂಟರಿನ ಲೋಹ ಸಾಲದೆ ಕೆಲವು ಸಲ ಗೊತ್ತೇ ಆಗುವುದಿಲ್ಲ. ಹೆಲ್ಮೆಟ್ ತೆಗೆದು "ಹಲೋ ಹಲೋ" ಅಂತ ಕೂಗಬೇಕು. ಪಾರ್ಸೆಲ್ ಕೈಗೆ ಬಂದ ಮೇಲೆ ಇಡಲು ಜಾಗ ಹುಡುಕಬೇಕು. ಕಾರಿನ ಊರಿಗೆ ಮಾಡಿದ ನಕ್ಷೆಯನ್ನು ಸ್ಕೂಟರಿನ ಊರಿಗೆ ಹಾಗೇ ತಂದು ಹಾಕಿದ್ದಾರೆ.

ಮಷೀನ್ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಮೆಕ್‌ಡೊನಾಲ್ಡ್ಸ್ ಐಬಿಎಂ ಜೊತೆ ಸೇರಿ ಅಮೆರಿಕದ ನೂರಕ್ಕೂ ಹೆಚ್ಚು ಅಂಗಡಿಗಳಲ್ಲಿ ಕಂಪ್ಯೂಟರೇ ಆರ್ಡರ್ ಕೇಳಿಸಿಕೊಳ್ಳುವ ಪ್ರಯೋಗ ಮಾಡಿತು. 2024ರಲ್ಲಿ ಅದನ್ನು ನಿಲ್ಲಿಸಿತು. ಒಂದೇ ಭಾಷೆ ಹೆಚ್ಚಾಗಿ ಕೇಳಿಬರುವ ಕಡೆಯೇ ಹೀಗಾದರೆ, "ಒಂದ್ ಮೀಲ್, ಉಸ್ಮೆ ಕೋಕ್ ಬೇಡ, ಕಾಫಿ ಕೊಡಿ" ಅನ್ನುವ ನಮ್ಮ ಬೆಂಗಳೂರಿಗೆ ಅದು ಸದ್ಯಕ್ಕೆ ಉತ್ತರ ಆಗಲಾರದು.

ನನಗೆ ಸರಿ ಅನ್ನಿಸುವುದು ಸರಳವಾದ ದಾರಿಗಳು. ಅಮೆರಿಕದ ಚಿಕ್-ಫಿಲ್-ಎ ಅಂಗಡಿಗಳಲ್ಲಿ ಜನ ಜಾಸ್ತಿಯಾದಾಗ ಕೆಲಸದವರೇ ಟ್ಯಾಬ್ಲೆಟ್ ಹಿಡಿದು ಕಾರುಗಳ ಹತ್ತಿರ ಬರುತ್ತಾರೆ. ಮೈಕಿನ ಬದಲು ಮುಖ. ಅಲ್ಲಿ ಸಾಲು ಉದ್ದ, ಒಟ್ಟು ಸಮಯವೂ ಜಾಸ್ತಿ. ಆದರೂ ಜನ ಅಲ್ಲಿನ ಕೆಲಸದವರ ನಡೆನುಡಿಯನ್ನು ಮೆಚ್ಚುತ್ತಾರೆ. ನಮ್ಮಲ್ಲಿ ಇದು ಇನ್ನೂ ಚೆನ್ನಾಗಿ ನಡೆಯುತ್ತದೆ. ನಾವು ಮುಖ ನೋಡಿ ಆರ್ಡರ್ ಹೇಳುವ ಜನ. ಬಿಸಿಲಿಗೆ, ಮಳೆಗೆ ಮೇಲೊಂದು ಶೀಟ್ ಹಾಕಿಸಿದರಾಯಿತು. ಸಾಲಿನ ಬಾಯಲ್ಲೇ "ಈಗ ಇಷ್ಟು ನಿಮಿಷ ಆಗಬಹುದು" ಅಂತ ಒಂದು ಬೋರ್ಡ್ ಹಾಕಬಹುದು. ಮೆನು ಬೋರ್ಡಿಗೆ ಮುಂಚೆ ಹೊರಗೆ ಹೋಗಲು ಒಂದು ದಾರಿ ಬಿಡಬಹುದು. ದ್ವಿಚಕ್ರದವರಿಗೆ, ನಡೆದು ಬರುವವರಿಗೆ ಪಕ್ಕದಲ್ಲೇ ಒಂದು ಚಿಕ್ಕ ಕಿಟಕಿ ಇದ್ದರೆ ಒಂದೇ ಕಾಫಿಯವರು ಅಲ್ಲಿಗೆ ಹೋಗುತ್ತಾರೆ.

ನಾವು ಮಾಡಬಹುದಾದದ್ದೂ ಸ್ವಲ್ಪ ಇದೆ. ಎಂಟು ಹತ್ತು ಐಟಂ ಬೇಕಿದ್ದು, ಇಳಿಯಲು ಕಾಲು ಗಟ್ಟಿಯಿದ್ದರೆ ಒಳಗೇ ಹೋಗೋಣ. ಸಾಲಿನಲ್ಲಿರುವಾಗಲೇ ಮನೆಯವರನ್ನೆಲ್ಲ ಕೇಳಿ ಮುಗಿಸೋಣ. ಮೈಕಿನ ಹತ್ತಿರ ಎಸಿ ಫ್ಯಾನ್ ಕಡಿಮೆ ಮಾಡಿ, ಒಬ್ಬರೇ ಮಾತಾಡೋಣ. ವೆಜ್ ಎಷ್ಟು, ನಾನ್‌ವೆಜ್ ಎಷ್ಟು ಅಂತ ಮೊದಲೇ ಹೇಳಿಬಿಡೋಣ. ಪಾರ್ಸೆಲ್ ಕೈಗೆ ಬಂದ ತಕ್ಷಣ ಬಿಚ್ಚಿ ನೋಡೋಣ. ಹಿಂದಿನವರು ಹಾರ್ನ್ ಹೊಡೆದರೂ ಪರವಾಗಿಲ್ಲ. ದುಡ್ಡು ಹೋಗಿಯೂ ನ್ಯಾಯ ಸಿಗದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆ ದೂರು ಕಂಪನಿಗೆ ಹೋಗಲಿ, ಕಿಟಕಿಯವರ ಮುಖದ ಮೇಲೆ ಬೇಡ.

ಕಂಪನಿಯವರು ಮೊದಲು ಮುಟ್ಟಬೇಕಾದದ್ದು ಗಡಿಯಾರವನ್ನು. ಕಾರು ಸಾಲಿಗೆ ಸೇರಿದಾಗ ಲೆಕ್ಕ ಶುರುವಾಗಲಿ, ಸರಿಯಾದ ಊಟ ಕೈಗೆ ಬಂದಾಗ ನಿಲ್ಲಲಿ. ಪಾರ್ಸೆಲ್ ಬಿಚ್ಚಿ ಎಣಿಸಿ ಕೊಡುವ ಹತ್ತು ಸೆಕೆಂಡಿಗೆ ಯಾರನ್ನೂ ಬೈಯುವುದು ಬೇಡ. ಹೆಡ್‌ಸೆಟ್ ಹಾಕಿದವರಿಗೆ ದುಡ್ಡಿನ ಕೆಲಸವನ್ನೂ ಒಟ್ಟಿಗೆ ಕೊಡುವುದು ಬೇಡ. ಆ ಶನಿವಾರ ಕಿಟಕಿ ಬಿಟ್ಟು ಬಂದು, ನನ್ನ ಅಮ್ಮ ತಿಂದರಾ ಇಲ್ಲವಾ ಅಂತ ಕೇಳಿದ ಆ ಹುಡುಗಿಯ ಹೆಸರಿನ ಮುಂದೆ ಎರಡು ಕೆಂಪು ಅಂಕಿ ಬಿದ್ದಿವೆ. ಅವನ್ನು ಅಳಿಸಿ ಹಾಕಲಿ.